ಕಾಡಸಿದ್ದಪ್ಪನವರ ಎರಡನೇ ಅಟ್ಟ

ನಮ್ಮ ಓಣಿಯ ಕಾಡಸಿದ್ದಪ್ಪನವರ ಕೈಗೆ ಏನು ಕೊಟ್ಟರೂ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಬೆಂಕಿಪೊಟ್ಟಣ, ಕೈಗಡಿಯಾರ, ಔಷಧಿ ಶೀಶೆ, ಮದುವೆ ಮನೆಯಲ್ಲಿ ಕೊಟ್ಟ ತಾಂಬೂಲದ ಕಾಯಿ, ಯಾವುದನ್ನೂ ಬಿಟ್ಟವರಲ್ಲ. ಮಗ ಮೊದಲ ಸಲ ಮೊಬೈಲು ತಂದು ಕೈಗಿಟ್ಟಾಗ ಅದನ್ನೂ ಅಲ್ಲಾಡಿಸಿ, "ಒಳಗೇನೂ ಇದ್ದಂಗಿಲ್ವಲ್ಲೋ" ಎಂದು ವಾಪಸು ಕೊಟ್ಟರು. ನಮ್ಮ ಮಗಳು ಮಾಹಿರಾ ಹುಟ್ಟಿದಾಗ ನೋಡಲು ಬಂದವರ ಕೈಗೆ ಕೂಸನ್ನು ಕೊಡುವುದೋ ಬೇಡವೋ ಎಂದು ನನ್ನ ಹೆಂಡತಿ ಕುಬ್ರಾ ಹಿಂದೆ ಮುಂದೆ ನೋಡಿದ್ದು ಸುಳ್ಳಲ್ಲ.

ಅದು ಹುಚ್ಚಲ್ಲ, ಕಸುಬು. ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಮರೆತಂತೆ ಇದ್ದುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕಟ್ಟಿದಾಗ ಕಾಯಿ ಅಲ್ಲಾಡಿಸಿದರೆ ಲೊಡ ಲೊಡ ಎನ್ನುತ್ತದೆ. ಸದ್ದು ಬಂದರೆ ಕೊಬ್ಬರಿಯಾಗಿದೆ, ಇಳಿಸಬಹುದು. ಬಾರದಿದ್ದರೆ ಅಲ್ಲೇ ಇರಲಿ. ಕಾಡಸಿದ್ದಪ್ಪನವರು ಜೀವಮಾನವೆಲ್ಲ ಕೊಬ್ಬರಿ ದಲ್ಲಾಳಿಯಾಗಿದ್ದವರು. ಸುತ್ತಲ ಹಳ್ಳಿಯ ರೈತರು ತಮ್ಮ ಕಾಯಿ ತಂದು ಇವರ ಅಟ್ಟಕ್ಕೆ ಸುರಿದು ಹೋಗುತ್ತಿದ್ದರು. ಚೀಟಿಯಿಲ್ಲ, ಸಹಿಯಿಲ್ಲ. ಬಂದು ಕೇಳಿದ ದಿನ ಅವರ ಮಾಲು ಅವರಿಗೆ ಸಿಗುತ್ತಿತ್ತು. ಇಟ್ಟವನನ್ನು ಬರಿಗೈಯಲ್ಲಿ ಕಳಿಸಿದ್ದಿಲ್ಲ ಎಂಬುದೇ ಅವರ ದೊಡ್ಡ ಹೆಮ್ಮೆ. ಅದನ್ನು ದಿನಕ್ಕೊಮ್ಮೆಯಾದರೂ ನಮಗೆ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ನಾನು ರಯೀಸ್. ಅವರ ಮನೆಯ ಎದುರಿಗೆ, ಓಣಿಯ ಈಚೆ, ಪಂಪಿನ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ ನನ್ನದು. ಅಂಗಡಿಯ ಹಿಂದೆಯೇ ಮನೆ. ಕಾಡಸಿದ್ದಪ್ಪನವರು ಕೊಬ್ಬರಿ ಮಂಡಿ ಬಿಟ್ಟಮೇಲೆ ನನ್ನ ಅಂಗಡಿಯ ಬೆಂಚಿನಲ್ಲಿ ಕೂರುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು. ಟೀ ನನ್ನದು, ಮಾತು ಅವರದು.

ಅವರ ಮಗ ರೇಣುಕಪ್ರಸಾದ್ ಕೊಬ್ಬರಿಗೆ ಕೈ ಹಾಕಲಿಲ್ಲ. ಮನೆಯ ಮುಂಭಾಗದಲ್ಲೇ ಸ್ಟುಡಿಯೋ ಇಟ್ಟ. ರೀಲಿನ ಕಾಲ ಮುಗಿದು ಡಿಜಿಟಲ್ ಬಂದಾಗ ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋಗಳನ್ನೆಲ್ಲ ಸಿ.ಡಿ.ಗೆ ಹಾಕಿ ಬೀರುವಿನಲ್ಲಿ ಜೋಡಿಸತೊಡಗಿದ. ಒಳ್ಳೆಯ ಸಿ.ಡಿ. ತರುತ್ತೇನೆಂದರೆ ಅಪ್ಪನ ತಕರಾರು. "ಎಲ್ಲಾ ತಟ್ಟೇನೂ ಮಿಂಚ್ತಾವೆ. ಕಮ್ಮೀದೇ ತಗಂಬಾ" ಎಂದರು. ಮಗ ಕಮ್ಮಿಯದೇ ತಂದ.

ಎರಡು ಸಾವಿರದ ಏಳನೇ ಇಸವಿ ಇರಬೇಕು. ಹುಳಿಯಾರಿನ ಕಡೆಯ ಹಳ್ಳಿಯಿಂದ ಪುಟ್ಟಗೌರಮ್ಮ ಎಂಬಾಕೆ ಸ್ಟುಡಿಯೋಗೆ ಬಂದರು. ಆಕೆಯ ಗಂಡ ತಿಮ್ಮಯ್ಯ ತೀರಿಕೊಂಡಿದ್ದರು. ಹನ್ನೊಂದನೇ ದಿನದ ಕಾರ್ಯಕ್ಕೆ ಹೂವಿನ ಹಾರ ಹಾಕಲು ಒಂದು ಫೋಟೋ ಬೇಕು. ಮಗಳ ಮದುವೆಯಲ್ಲಿ ರೇಣುಕಪ್ರಸಾದನೇ ತೆಗೆದದ್ದಿತ್ತು, ಅದರಲ್ಲಿ ತಿಮ್ಮಯ್ಯನ ಮುಖವನ್ನು ದೊಡ್ಡದು ಮಾಡಿಕೊಟ್ಟರೆ ಸಾಕು. ಅವರ ಮನೆಯ ಆಲ್ಬಂ ಸೋರುವ ಮಾಡಿನ ಕೆಳಗೆ ಒದ್ದೆಯಾಗಿ ಹಾಳೆಗೆ ಹಾಳೆ ಅಂಟಿಕೊಂಡಿತ್ತಂತೆ. ರೇಣುಕಪ್ರಸಾದ್ ಸಿ.ಡಿ. ಹುಡುಕಿ ತೆಗೆದ. ಅದರ ಮೇಲಿನ ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು. ಯಾವ ಕಂಪ್ಯೂಟರೂ ಅದನ್ನು ಓದಲಿಲ್ಲ.

ಕಾಡಸಿದ್ದಪ್ಪನವರು ಅಲ್ಲೇ ಕೂತಿದ್ದರು. ತಿಮ್ಮಯ್ಯ ಅವರ ಮಂಡಿಗೆ ತಪ್ಪದೆ ಕಾಯಿ ತರುತ್ತಿದ್ದ ರೈತ.

"ಹೋಗ್ಲಿ ಬುಡಿ ಯಜಮಾನ್ರೇ, ನೀವಾದ್ರೂ ಏನ್ ಮಾಡೀರಿ" ಎಂದು ಪುಟ್ಟಗೌರಮ್ಮ ಸೆರಗು ಸರಿ ಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಜಗಳವಾಡಿದ್ದರೆ ಇವರಿಗೆ ಎಷ್ಟೋ ಹಗುರವಾಗುತ್ತಿತ್ತು. ಆ ದಿನ ನನ್ನ ಬೆಂಚಿನ ಮೇಲೆ ಕೂತು ಟೀಯನ್ನೂ ಮುಟ್ಟದೆ, "ಇಟ್ಟೋಳ್ನ ಬರಿಗೈಲಿ ಕಳಿಸ್ಬುಟ್ನಲ್ಲೋ ರಯೀಸಾ" ಎಂದರು. ಅವರಿಗೆ ನಿಜಕ್ಕೂ ನಾಚಿಕೆಯಾಗಿತ್ತು. ನಾನು ಅವರ ಮುಖ ನೋಡಲಾಗದೆ ಮೋಟಾರಿನ ತಾಮ್ರದ ತಂತಿ ಸುತ್ತುತ್ತ ಕೂತೆ.

"ವರ್ಷದ ತಿಥಿ ಹೊತ್ಗಾದ್ರೂ ಅವ್ನ ಫೋಟೋ ಆಯಮ್ಮನ ಕೈಗೆ ಕೊಡ್ಬೇಕು. ಇನ್ನೊಬ್ರು ಹಿಂಗೆ ವಾಪಸ್ ಹೋಗ್ಬಾರ್ದು. ಅದಕ್ಕೊಂದು ಏರ್ಪಾಟು ಮಾಡ್ಲೇಬೇಕು."

ಹೀಗೆ ಶುರುವಾಯಿತು ಯೋಜನೆ. ಅವರು ಯೋಜನೆ ಹಾಕುವುದೆಂದರೆ ಮನೆಯಲ್ಲಿ ಮದುವೆ ಗೊತ್ತಾದಷ್ಟು ಗಲಾಟೆ. ಸಭೆಯ ಜಾಗ ನನ್ನ ಬೆಂಚು, ಕಾರಣ ಮೇಲೆಯೇ ಹೇಳಿದ್ದೇನೆ. ರೇಣುಕಪ್ರಸಾದ್ ತಾಳ್ಮೆಯಿಂದ ವಿವರಿಸಿದ: ದೊಡ್ಡ ಹಾರ್ಡ್ ಡಿಸ್ಕ್ ಇರುವ ಒಂದು ಕಂಪ್ಯೂಟರನ್ನು ಮನೆಯಲ್ಲಿ ಸದಾ ಚಾಲೂ ಇಡುವುದು. ಅದಕ್ಕೆ ಸರ್ವರ್ ಎನ್ನುತ್ತಾರೆ. ಸ್ಟುಡಿಯೋದಿಂದ ಅಲ್ಲಿಗೆ ಒಂದು ವೈರು ಎಳೆದರೆ ಎಲ್ಲರ ಫೋಟೋ ಅಲ್ಲಿ ಕೂಡಿಡಬಹುದು, ಬೇಕಾದಾಗ ಕೂತಲ್ಲಿಂದಲೇ ತೆಗೆಯಬಹುದು. ಕಂಪನಿಯವರು ಮಾಡಿದ ಪೆಟ್ಟಿಗೆಯೇ ಸಿಗುತ್ತದೆ. ಅದರ ಬೆಲೆ ಕೇಳಿ ಕಾಡಸಿದ್ದಪ್ಪನವರು ಬಾಯಿಗೆ ಟವೆಲು ಒತ್ತಿಕೊಂಡರು.

"ಅದು ಬ್ಯಾಡ. ಅಂದ್ರೆ ಇದು ಅಟ್ಟ ಅನ್ನು. ಕಂಪ್ಯೂಟ್ರು ಅಟ್ಟ."

"ಹೂಂ ಅಪ್ಪಾಜಿ, ಹಂಗೇ ಅನ್ಕಳಿ."

"ಹಂಗಾದ್ರೆ ಅಟ್ಟದಾಗೇ ಮಡಗು. ನಮ್ಮಟ್ಟದಾಗೆ ಮಡಗಿದ್ದು ಯಾವತ್ತಾದ್ರೂ ಕೆಟ್ಟೈತಾ? ಬಾಡಿಗೇನೂ ಇಲ್ಲ."

ಮಗ ಇನ್ನೊಂದು ಮಾತು ಹೇಳಿದ. ಒಂದೇ ಡಿಸ್ಕ್ ಇದ್ದರೆ ಸಾಲದು, ಅದು ಕೆಟ್ಟರೆ ಮತ್ತೆ ಸಿ.ಡಿ.ಯ ಗತಿಯೇ. ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರಬೇಕು, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸೋಣ ಎಂದ. ಕಾಡಸಿದ್ದಪ್ಪನವರು ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಡೂ ಒಂದೇ ಅಟ್ಟದಾಗಾ? ತಲೆ ಐತೇನ್ಲಾ ನಿಂಗೆ?" ಅವರು ಹುಡುಗರಾಗಿದ್ದಾಗ ಅಟ್ಟದ ಕೆಳಗೆ ಹೊಗೆಗೆಂದು ಹಾಕಿದ್ದ ಬೆಂಕಿ ಮೇಲಕ್ಕೆ ಹತ್ತಿ, ತಮ್ಮದೂ ಊರವರದೂ ಕೊಬ್ಬರಿಯೆಲ್ಲ ಉರಿದುಹೋಗಿತ್ತು. ಆಮೇಲಿಂದ ಅವರ ಮನೆಯವರು ಅರ್ಧ ಮಾಲನ್ನು ಇನ್ನೊಬ್ಬರ ಅಟ್ಟದಲ್ಲಿ ಇಡುವುದು ವಾಡಿಕೆ. "ಇನ್ನೊಂದು ಪೆಟ್ಗೆ ರಯೀಸನ ಮನೇಲಿರ್ಲಿ" ಎಂದು ತೀರ್ಪು ಕೊಟ್ಟರು. ಎಂಥ ದೂರದೃಷ್ಟಿ ಎಂದು ನಾನು ಮೆಚ್ಚಿ ತಲೆಯಾಡಿಸುವಷ್ಟರಲ್ಲಿ, "ಕರೆಂಟ್ ಬಿಲ್ಲೂ ಅವ್ನೇ ಕಟ್ಕಂತಾನೆ" ಎಂದು ಸೇರಿಸಿದರು.

ಕುಬ್ರಾ ಸುಮ್ಮನೆ ಒಪ್ಪುವವಳಲ್ಲ. ನಮ್ಮ ಅಟ್ಟ ಇರುವುದು ಅಡುಗೆಮನೆಯ ಮೇಲೆ. "ಪೆಟ್ಗೆ ಇಟ್ಕಳಿ, ಬ್ಯಾಡ ಅನ್ನಲ್ಲ. ಆದ್ರೆ ದಿನಾ ಒಬ್ಬೊಬ್ರು ನನ್ನ ಅಡುಗೆಮನೇಗೆ ಬಂದು ಏಣಿ ಹತ್ತೋದು ಆಗಕಿಲ್ಲ. ನೋಡೋದೇನಿದ್ರೂ ನಾನೇ ನೋಡ್ಕಂತೀನಿ" ಎಂದು ಹೇಳಿಬಿಟ್ಟಳು. ಹೆಂಗಸರ ಅಡುಗೆಮನೆಗೆ ಕಾಲಿಡುವ ಜನ ಕಾಡಸಿದ್ದಪ್ಪನವರೂ ಅಲ್ಲ. ಅವರು ತಕ್ಷಣ ಒಪ್ಪಿಕೊಂಡರು. ಈ ಷರತ್ತಿನ ಬೆಲೆ ಎಷ್ಟೆಂದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಮುಚ್ಚಿಹೋದ ಸೈಬರ್ ಸೆಂಟರಿನಿಂದ ಎರಡು ಹಳೇ ಕಂಪ್ಯೂಟರು ಗುಜರಿ ಬೆಲೆಗೆ ಬಂದವು. ಅವುಗಳ ಡಬ್ಬ ತುಕ್ಕು ಹಿಡಿದಿದ್ದರಿಂದ ಬಿಚ್ಚಿ ಎಸೆದು, ಒಳಗಿನದನ್ನೆಲ್ಲ ಸೇಬಿನ ಮರದ ಪೆಟ್ಟಿಗೆಯಲ್ಲಿ ಕೂರಿಸಿದೆವು. ಹಾರ್ಡ್ ಡಿಸ್ಕಿಗೆ ತೆಂಗಿನ ನಾರಿನ ಹಾಸಿಗೆ. ಯು.ಪಿ.ಎಸ್. ನಾನೇ ರಿಪೇರಿ ಮಾಡಿದ್ದು. ಓಣಿಯ ಮೇಲಿಂದ ನಮ್ಮ ಮನೆಗೆ ಎಳೆದ ವೈರನ್ನು ಕೇಬಲ್ ಟಿ.ವಿ.ಯವನು ತನ್ನ ತಂತಿಯ ಜೊತೆಗೇ ಕಟ್ಟಿಕೊಟ್ಟ. ಅವನಿಗೆ ಕೂಲಿ ಒಂದು ಗೊನೆ ಎಳನೀರು. ಕಂಪ್ಯೂಟರಿಗೆ ಹಾಕಬೇಕಾದ ಸಾಫ್ಟ್‌ವೇರ್ ಮಾತ್ರ ಪುಕ್ಕಟೆ, ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿತ್ತು. ಇಡೀ ಯೋಜನೆಯಲ್ಲಿ ಕಾಡಸಿದ್ದಪ್ಪನವರಿಗೆ ಅತ್ಯಂತ ಹಿಡಿಸಿದ್ದು ಇದೇ. "ಪುಕ್ಕಟೇನಾ? ಹಂಗಾದ್ರೆ ಎಲ್ಡೆಲ್ಡು ಹಾಕು" ಎಂದರು.

ಉಳಿದದ್ದು ಹಾರ್ಡ್ ಡಿಸ್ಕ್. ಬೆಳಗಿನ ರೈಲು ಹತ್ತಿ ಮೂವರೂ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಹಳೇದನ್ನೇ ಕೊಳ್ಳಬೇಕೆಂಬುದು ಯಜಮಾನರ ಹಟ. ಒಂದು ಅಂಗಡಿಯಲ್ಲಿ ಹಳೇ ಡಿಸ್ಕುಗಳನ್ನು ಟ್ರೇ ತುಂಬ ಇಟ್ಟಿದ್ದರು. ನಾವು ಕಣ್ಣು ಮಿಟುಕಿಸುವುದರೊಳಗೆ ಇವರು ಒಂದನ್ನೆತ್ತಿ ಕಿವಿಗೆ ಹಿಡಿದಾಗಿತ್ತು. ಅಲ್ಲಾಡಿಸಿ ಕೆಳಗಿಟ್ಟರು. ಇನ್ನೊಂದು. ಮತ್ತೊಂದು. ಅಂಗಡಿಯವನು, "ಅಜ್ಜಾ, ಅಜ್ಜಾ, ಬೀಳ್ಸಿಬಿಡ್ತೀರಾ" ಎಂದು ಕೈ ಚಾಚಿಕೊಂಡು ಹಿಂದೆ ಹಿಂದೆ ಬಂದ. ಕೊನೆಗೊಂದು ಲೊಡ ಎಂದಿತು. ಅವರ ಮುಖ ಅರಳಿತು.

"ಇದು ಕೊಡಪ್ಪ. ಇದು ಆಗೈತೆ."

"ಅಯ್ಯೋ, ಅದು ಕೆಟ್ಟೋಗಿದೆ ಅಜ್ಜಾ. ಗುಜರಿಗೆ ಹಾಕಕ್ಕೆ ಇಟ್ಟಿರೋದು."

ಕಾಡಸಿದ್ದಪ್ಪನವರು ನನ್ನ ಕಡೆ ತಿರುಗಿ ಕಣ್ಣು ಹೊಡೆದರು. ಒಳ್ಳೆಯ ಮಾಲನ್ನು ವ್ಯಾಪಾರಿ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ ಎಂಬುದು ಅವರ ಅನುಭವ. ನಾನು ಅವರನ್ನು ಹೋಟೆಲಿಗೆ ಎಳೆದುಕೊಂಡು ಹೋಗಿ ಇಡ್ಲಿ ಕೊಡಿಸಿದೆ. ಆ ಹೊತ್ತಿನಲ್ಲಿ ರೇಣುಕಪ್ರಸಾದ್ ಸೀಲು ಒಡೆಯದ ಎರಡು ಹೊಸ ಡಿಸ್ಕು ಕೊಂಡ. ರೈಲಿನಲ್ಲಿ ತುಮಕೂರು ದಾಟುವವರೆಗೂ ಯಜಮಾನರು ಮುಖ ಊದಿಸಿಕೊಂಡಿದ್ದರು.

"ಮೋಟ್ರೊಳಗೆ ಲೊಡ ಅಂದ್ರೆ ಬೇರಿಂಗ್ ಹೋಗೈತೆ ಅಂತ ಅರ್ಥ ಯಜಮಾನ್ರೇ. ಇದೂ ಅಂಥದ್ದೇ, ಒಳಗೆ ತಿರುಗೋದು" ಎಂದೆ.

"ಮೋಟ್ರಿಗೂ ಕಾಯಿಗೂ ವ್ಯತ್ಯಾಸ ಇಲ್ವೇನ್ಲಾ?"

"ಅದನ್ನೇ ಅಲ್ವಾ ನಾನು ಹೇಳ್ತಿರೋದು!"

ಅವರು ಕಿಟಕಿಯ ಕಡೆ ತಿರುಗಿ ತೋಟಗಳನ್ನು ನೋಡುತ್ತ ಕೂತರು. ಒಪ್ಪಿದರೆಂದುಕೊಂಡೆ.

ದೀಪಾವಳಿ ಹೊತ್ತಿಗೆ ಎರಡು ಅಟ್ಟದಲ್ಲೂ ಪೆಟ್ಟಿಗೆ ಕೂತವು. ಸ್ಟುಡಿಯೋದಲ್ಲಿ ಹಾಕಿದ ಫೋಟೋ ಅವರ ಅಟ್ಟಕ್ಕೆ ಹೋಗುತ್ತಿತ್ತು. ಪ್ರತಿ ಸಂಜೆ ಅಲ್ಲಿಂದ ತಾನಾಗಿಯೇ ನಮ್ಮ ಅಟ್ಟಕ್ಕೆ ನಕಲಾಗುತ್ತಿತ್ತು. ರೇಣುಕಪ್ರಸಾದ್ ಇನ್ನೂ ಓದಲು ಬರುವ ಸಿ.ಡಿ.ಗಳನ್ನೆಲ್ಲ ಒಂದೊಂದಾಗಿ ಅದಕ್ಕೆ ತುಂಬತೊಡಗಿದ. ಕಾಡಸಿದ್ದಪ್ಪನವರು ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡವರೇ, "ಮಾಲು ನೋಡ್ಕಂಡು ಬತ್ತೀನಿ" ಎಂದು ಅಟ್ಟ ಹತ್ತುತ್ತಿದ್ದರು. ಇಳಿದ ಮೇಲೆ ಓಣಿ ದಾಟಿ ನಮ್ಮ ಅಂಗಳಕ್ಕೆ ಬಂದು ನಿಂತು ಒಳಕ್ಕೆ ಕೂಗುತ್ತಿದ್ದರು.

"ಐತಾ ತಾಯೀ?"

"ಐತೆ ಯಜಮಾನ್ರೇ."

"ಸದ್ದು ಮಾಡ್ತೈತಾ?"

"ಗುಂಯ್ ಅಂತೈತೆ."

"ಗುಂಯ್ ಅಂದ್ರೆ ಸರಿ ಬುಡು."

ಕುಬ್ರಾಗೆ ಮೊದಮೊದಲು ನಗು, ಆಮೇಲೆ ಬೇಜಾರು, ಕೊನೆಗೆ ಅಭ್ಯಾಸವಾಯಿತು. ಅವರು ಬರುವುದು ತಡವಾದರೆ ಅವಳೇ ಬಾಗಿಲಿಗೆ ಬಂದು ಇಣುಕುತ್ತಿದ್ದಳು. ಪೆಟ್ಟಿಗೆಯ ಮೇಲೆ ಧೂಳು ಬೀಳದಿರಲೆಂದು ತೆಳುವಾದ ಒಂದು ಹಳೇ ದುಪಟ್ಟಾ ಹೊದಿಸಿದ್ದಳು.

ನಮ್ಮ ಪೆಟ್ಟಿಗೆ ಹೀಗೆ ಸುಖವಾಗಿದ್ದರೆ ಅವರ ಅಟ್ಟದ್ದು ದಿನಾ ಒಂದು ರಗಳೆ. ಇದ್ದಕ್ಕಿದ್ದಂತೆ ನಿಲ್ಲುವುದು, ತಪ್ಪು ತೋರಿಸುವುದು, ಮತ್ತೆ ತಾನಾಗಿ ಸರಿಹೋಗುವುದು. ರೇಣುಕಪ್ರಸಾದ್ ಮೊದಲು ವೈರು ಬದಲಿಸಿದ. ಆಮೇಲೆ ಕರೆಂಟನ್ನು ಬೈದ. ಕೊನೆಗೆ ನನ್ನ ಯು.ಪಿ.ಎಸ್. ಮೇಲೆ ಬಂತು. ನಾನು ಅದನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಸಾಕಾಗಿ, "ನನ್ನ ಕೆಲಸದ ಮೇಲೆ ನಂಬಿಕೆ ಇಲ್ದಿದ್ರೆ ಬೇರೆ ಯಾರ್ನಾದ್ರೂ ಕರ್ಕಂಬಾ" ಎಂದು ರೇಗಿದೆ. ಕಾಡಸಿದ್ದಪ್ಪನವರು ಮಧ್ಯೆ ಬಂದು ಇಬ್ಬರನ್ನೂ ಸಮಾಧಾನ ಮಾಡಿದರು. ಅವರು ತೋರಿಸಿದ ದೊಡ್ಡಸ್ತಿಕೆ ಈಗ ನೆನೆದರೂ ಸಿಟ್ಟು ಬರುತ್ತದೆ.

ಮಧ್ಯಾಹ್ನದ ಹೊತ್ತು ಅವರದು ಇನ್ನೊಂದು ಕೆಲಸ. ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕೂತು ಊರವರ ಮದುವೆಗಳನ್ನು ನೋಡುವುದು. ತಿಮ್ಮಯ್ಯನ ಸ್ವಂತ ಮನೆಯ ಮದುವೆಯ ಫೋಟೋ ಹೋದರೇನು, ಬೇರೆಯವರ ಮದುವೆಗೆ ಅವನೂ ಹೋಗಿರಲೇಬೇಕಲ್ಲ ಎಂಬುದು ಅವರ ಲೆಕ್ಕಾಚಾರ. ಪಂಕ್ತಿಯಲ್ಲಿ ಕೂತವರ, ಹಿಂದೆ ನಿಂತವರ, ಅಕ್ಷತೆ ಹಾಕಲು ನುಗ್ಗುವವರ ಮುಖ ಹುಡುಕುವುದು. ಜೊತೆಗೆ ಟೀಕೆ ಬೇರೆ. "ಇವನು ಉಡುಗೊರೇನೇ ಕೊಡ್ಲಿಲ್ಲ ನೋಡು", "ಈ ಮದ್ವೇಲಿ ಹೋಳಿಗೆ ಗಟ್ಟಿ ಇತ್ತು", "ಈವಮ್ಮ ಎಲ್ಲಾ ಮದ್ವೇಲೂ ಇದೇ ಸೀರೆ ಉಟ್ಕಂಡವ್ಳಲ್ಲ." ಅವರ ಹೆಂಡತಿ ಗುರುಸಿದ್ದಮ್ಮನವರು, "ಸತ್ತೋರ್ನ ಹುಡುಕ್ತೀನಿ ಅಂತ ಇದ್ದೋರ ಮಾನ ಎಲ್ಲಾ ತೆಗೀತಾವ್ರೆ" ಎಂದು ಗೊಣಗುತ್ತಿದ್ದರು.

ಗುರುಸಿದ್ದಮ್ಮನವರಿಗೆ ಇನ್ನೊಂದು ಕೊರಗಿತ್ತು. ಸ್ಟುಡಿಯೋ ಇಟ್ಟ ಮಗನಿದ್ದರೂ ಅಪ್ಪನ ಒಂದು ಫೋಟೋ ಮನೆಯಲ್ಲಿರಲಿಲ್ಲ. ಕೂತುಕೊಳ್ಳಿ ಎಂದರೆ ಮೊದಲೆಲ್ಲ ರೀಲು ದಂಡ ಎನ್ನುತ್ತಿದ್ದರು. ಈಗ ಹೊಸ ನೆಪ ಸಿಕ್ಕಿತ್ತು. "ನನ್ ಮುಖ ಹಾಕಿ ಡಿಸ್ಕ್ ಯಾಕೆ ತುಂಬಿಸ್ತೀಯಾ? ಗಿರಾಕಿಗೆ ಜಾಗ ಬುಡು."

ತಿಥಿ ಹತ್ತಿರ ಬರುತ್ತಿತ್ತು. ತಿಮ್ಮಯ್ಯ ಎಲ್ಲೂ ಸಿಗಲಿಲ್ಲ. ಯಜಮಾನರು ಸಪ್ಪಗಾಗತೊಡಗಿದರು. ಒಂದು ದಿನ ರೇಣುಕಪ್ರಸಾದ್ ಬೀರುವಿನ ತಳದಿಂದ ಒಂದು ಸಿ.ಡಿ. ತೆಗೆದ. ಅದರ ಬಣ್ಣವೂ ಅಂಚಿನಲ್ಲಿ ಎದ್ದಿತ್ತು. ಕಂಪ್ಯೂಟರು ಕೆಮ್ಮುತ್ತ, ನಿಲ್ಲುತ್ತ, ಅಂತೂ ಅದರಲ್ಲಿದ್ದ ಸ್ವಲ್ಪ ಫೋಟೋ ಎಳೆದುಕೊಂಡು ಅಟ್ಟಕ್ಕೆ ಹಾಕಿತು. ಆಮೇಲೆ ಆ ಸಿ.ಡಿ. ಮತ್ತೆ ತೆರೆಯಲೇ ಇಲ್ಲ. ಆ ಫೋಟೋಗಳನ್ನು ನೋಡುತ್ತಿದ್ದ ಕಾಡಸಿದ್ದಪ್ಪನವರು ಇದ್ದಕ್ಕಿದ್ದಂತೆ ಕುರ್ಚಿಯಿಂದ ಎದ್ದು ನಿಂತರು.

"ಸಿಕ್ದ ಕಣ್ಲಾ! ರಯೀಸಾ, ಬಾರ್ಲಾ ಇಲ್ಲಿ!"

ಕೈಗೆ ಗ್ರೀಸು ಮೆತ್ತಿಕೊಂಡೇ ಓಡಿದೆ. ತಿಪಟೂರಿನದೇ ಒಂದು ಮದುವೆ. ವರನ ಕಡೆಯವರ ಹಿಂದೆ ತಾಂಬೂಲದ ಚೀಲ ಹಿಡಿದು ತಿಮ್ಮಯ್ಯ ನಿಂತಿದ್ದ, ಬಾಯಿ ತುಂಬ ನಗುತ್ತ. ಪಕ್ಕದಲ್ಲಿ ನಮ್ಮ ಯಜಮಾನರು. ಅವರಿಗೆ ಫೋಟೋ ತೆಗೆಯುತ್ತಿರುವುದೇ ಗೊತ್ತಿಲ್ಲ. ತಾಂಬೂಲದ ಕಾಯಿಯನ್ನು ಕಿವಿಗೆ ಹಿಡಿದು, ತಲೆ ಒಂದಿಷ್ಟು ವಾಲಿಸಿ, ಒಳಗೆ ನೀರಿದೆಯೋ ಇಲ್ಲವೋ ಎಂದು ಕೇಳಿಸಿಕೊಳ್ಳುತ್ತಿದ್ದಾರೆ. ತಿಮ್ಮಯ್ಯ ನಗುತ್ತಿರುವುದು ಅದನ್ನು ನೋಡಿಯೇ. ರೇಣುಕಪ್ರಸಾದನೂ ನಾನೂ ಬಿದ್ದು ಬಿದ್ದು ನಕ್ಕೆವು. ಯಜಮಾನರಿಗೆ ನಮ್ಮ ನಗು ಕಿವಿಗೇ ಬೀಳಲಿಲ್ಲ. ನಾಳೆ ಪ್ರಿಂಟ್ ಹಾಕೋಣ ಎಂದು ಬಾಗಿಲು ಹಾಕಿದೆವು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುತ್ತಿದ್ದೆ. ಕಾಡಸಿದ್ದಪ್ಪನವರು ಅಟ್ಟದ ಏಣಿಯಿಂದ ದಡದಡ ಇಳಿದು ಬರುತ್ತಿದ್ದರು. ಕೈಯಲ್ಲಿ ಹಾರ್ಡ್ ಡಿಸ್ಕ್, ಅದರ ಬಾಲದಲ್ಲಿ ಕಿತ್ತುಬಂದ ವೈರು.

"ಆಯ್ತು ಕಣ್ಲಾ ರೇಣುಕಾ! ಲೊಡ ಅಂತೈತೆ! ಇವತ್ತು ಲೊಡ ಅಂತೈತೆ!"

ಹಲ್ಲುಜ್ಜುತ್ತಿದ್ದ ರೇಣುಕಪ್ರಸಾದ್ ಬ್ರಷ್ ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟ. ಉಗುಳಿ ಬಂದು, "ಅಪ್ಪಾಜಿ, ಅದನ್ನ ಅಲ್ಲಾಡಿಸಿದ್ರಾ?" ಎಂದ.

"ದಿನಾ ನೋಡ್ತೀನಲ್ಲೋ. ಅಟ್ಟಕ್ಕೆ ಹಾಕಿದ್ನ ಅಲ್ಲಾಡಿಸಿ ನೋಡ್ದೆ ಇರಕ್ಕಾಯ್ತದಾ?"

"ದಿನಾನಾ?"

"ಮಡಗಿದಾಗಿಂದ."

ಅಂದರೆ ತಿರುಗುತ್ತಿರುವ ಡಿಸ್ಕನ್ನು ನಾರಿನ ಹಾಸಿಗೆಯಿಂದ ಎತ್ತಿ, ಕಿವಿಗೆ ಹಿಡಿದು ಗಲಗಲ ಅಲ್ಲಾಡಿಸಿ ಮತ್ತೆ ಮಲಗಿಸುವುದು ಅವರ ಬೆಳಗಿನ ಪೂಜೆಯಾಗಿತ್ತು. ನನ್ನ ಯು.ಪಿ.ಎಸ್. ಪಾಪ, ಅದೆಷ್ಟು ಬೈಸಿಕೊಂಡಿತ್ತು! ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮಗನ ಮುಖ ನೋಡಿದರು, ಆಮೇಲೆ ಕೈಯಲ್ಲಿದ್ದುದನ್ನು ನೋಡಿದರು. ಎಸ್.ಪಿ. ರೋಡಿನ ಅಂಗಡಿಯವನ ಮಾತು ಆಗ ಅವರ ತಲೆಗೆ ಹತ್ತಿತು.

"ತಿಮ್ಮಯ್ಯ ಇದ್ರಾಗಿದ್ನಲ್ಲೋ" ಎಂದರು.

ನಮ್ಮ ಅಟ್ಟದ ಪೆಟ್ಟಿಗೆ ಇದೆ, ನಿಜ. ಆದರೆ ಹಿಂದಿನ ಸಂಜೆ ಕರೆಂಟು ಹೋಗಿ ಬಂದು ಮಾಡಿತ್ತು. ನಕಲಾಗುವ ಹೊತ್ತಿಗೆ ನಮ್ಮ ಪೆಟ್ಟಿಗೆ ಚಾಲೂ ಇತ್ತೋ ಇಲ್ಲವೋ. ಅದಲ್ಲದೆ ಕುಬ್ರಾ ಒಮ್ಮೊಮ್ಮೆ ಮಿಕ್ಸಿಗೆಂದು ಪ್ಲಗ್ಗು ಕೀಳುವುದುಂಟು. ಇದನ್ನು ನಾನು ಯಜಮಾನರಿಗೆ ಯಾವತ್ತೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. ಮೂವರೂ ಓಣಿ ದಾಟಿದೆವು. ಅವರು ಯಾವಾಗಿನಂತೆ ಅಂಗಳದಲ್ಲೇ ನಿಂತರು. ಆ ಸಂಕಟದಲ್ಲೂ ಹೊಸಿಲು ದಾಟಲಿಲ್ಲ.

"ಐತಾ ತಾಯೀ?"

ಒಳಗೆ ಏಣಿ ಕಿರುಗುಟ್ಟಿದ ಸದ್ದು. ಯಜಮಾನರು ಎರಡು ಕೈಯನ್ನೂ ಕಂಕುಳಲ್ಲಿ ಹುದುಗಿಸಿಕೊಂಡು ನಿಂತಿದ್ದರು, ತಪ್ಪು ಮಾಡಿದ್ದು ಆ ಕೈಗಳೇ ಎಂಬಂತೆ.

"ಐತೆ ಯಜಮಾನ್ರೇ" ಎಂದಳು ಕುಬ್ರಾ ಮೇಲಿನಿಂದ. "ಗುಂಯ್ ಅಂತೈತೆ. ನಿನ್ನೆ ಸಂಜೆ ಮಿಕ್ಸಿ ಹಾಕ್ಲಿಲ್ಲ ಕಣ್ರೀ, ಚಟ್ನಿ ಒರಳಲ್ಲೇ ರುಬ್ಕಂಡೆ. ಫೋಟೋ ಸಿಕ್ತು ಅಂತ ನೀವು ಓಣೀಲೆಲ್ಲ ಕೂಗಾಡಿದ್ರಲ್ಲ, ಅದಕ್ಕೇ."

ರೇಣುಕಪ್ರಸಾದ್ ಸ್ಟುಡಿಯೋಗೆ ಓಡಿ ಕಂಪ್ಯೂಟರು ಹಾಕಿ ನೋಡಿ, ಅಲ್ಲಿಂದಲೇ ಕೂಗಿ ಹೇಳಿದ. ಎಲ್ಲ ಇತ್ತು, ತಿಮ್ಮಯ್ಯನೂ ಇದ್ದ. ಅವರ ಅಟ್ಟದಲ್ಲಿದ್ದುದು ಸತ್ತು ನಮ್ಮ ಅಟ್ಟದಲ್ಲಿದ್ದುದು ಬದುಕಿದ್ದಕ್ಕೆ ಕಾರಣ ಒಂದೇ, ಅದು ಯಜಮಾನರ ಕೈಗೆ ಸಿಕ್ಕಿರಲಿಲ್ಲ. ಇದನ್ನು ಅವರಿಗೆ ಹೇಳಿ ಹಂಗಿಸಬೇಕೆಂದು ತಿರುಗಿದೆ. ಅವರು ನಮ್ಮ ಅಂಗಳದಲ್ಲಿದ್ದ ಒಂದು ಹಳೇ ಮೋಟಾರಿನ ಮೇಲೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಕುಬ್ರಾ ಟೀ ತಂದು ಪಕ್ಕದಲ್ಲಿಟ್ಟಳು.

ಪ್ರಿಂಟ್ ಹಾಕುವಾಗ ಅವರದು ಒಂದೇ ಮಾತು. "ನನ್ನ ಕತ್ತರ್ಸು. ಸತ್ತೋನ ಪಕ್ಕದಾಗೆ ಕಾಯಿ ಅಲ್ಲಾಡಿಸ್ಕಂಡು ನಾನ್ಯಾಕೆ ನಿಂತಿರ್ಲಿ?" ಮಗ ಅವರನ್ನು ಬಿಟ್ಟು ತಿಮ್ಮಯ್ಯನನ್ನು ಮಾತ್ರ ದೊಡ್ಡದು ಮಾಡಿ ಕಟ್ಟು ಹಾಕಿಸಿದ. ತಿಥಿಯ ಹಿಂದಿನ ದಿನ ನಾನೂ ಅವರೂ ಹುಳಿಯಾರಿನ ಬಸ್ಸು ಹತ್ತಿದೆವು. ಪುಟ್ಟಗೌರಮ್ಮ ಫೋಟೋವನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ನಗ್ತಾವ್ರಲ್ಲ. ಮಗಳ ಮದ್ವೇಲೂ ಹಿಂಗೆ ನಕ್ಕಿರ್ನಿಲ್ಲ ಕಣ್ರೀ. ಯಾರ್ನ ನೋಡಿ ನಗ್ತಾವ್ರೆ?"

ಕಾಡಸಿದ್ದಪ್ಪನವರು ಕೆಮ್ಮಿದರು. "ಯಾರೋ ಒಬ್ಬ ಅಲ್ಲಿ ಕಾಯಿ ಪರೀಕ್ಷೆ ಮಾಡ್ತಿದ್ನಂತೆ ತಾಯೀ" ಎಂದರು. ನಾನು ಮಾಡು ನೋಡುತ್ತ ನಿಂತೆ.

ಆಮೇಲೆ ಹೊಸ ಡಿಸ್ಕು ಬಂತು. ಗುರುಸಿದ್ದಮ್ಮನವರು ಸೇಬಿನ ಪೆಟ್ಟಿಗೆಗೆ ತಂತಿಯ ಬಲೆ ಹೊಡೆಸಿ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಯಜಮಾನರು ಅಟ್ಟ ಹತ್ತುವುದು ಬಿಡಲಿಲ್ಲ. ಪೆಟ್ಟಿಗೆಯ ಮುಂದೆ ಕೈ ಹಿಂದಕ್ಕೆ ಕಟ್ಟಿ ನಿಂತು ಗುಂಯ್ ಎನ್ನುವುದನ್ನು ಕೇಳಿ ಇಳಿಯುತ್ತಿದ್ದರು. ಆ ಕೈಗಳಿಗೆ ಆಗುತ್ತಿದ್ದ ತಳಮಳ ನೋಡಿದರೆ ಯಾರಿಗಾದರೂ ಅಯ್ಯೋ ಅನಿಸಬೇಕು. ಅಂಗಳಕ್ಕೆ ಬಂದು ಕೇಳುವುದಂತೂ ಒಂದು ದಿನವೂ ತಪ್ಪಲಿಲ್ಲ. ಜನ ಬರುತ್ತಿದ್ದರು, ತಮ್ಮವರ ಮುಖ ಕೇಳುತ್ತಿದ್ದರು, ತೆಗೆದುಕೊಂಡು ಹೋಗುತ್ತಿದ್ದರು. ಬರಿಗೈಯಲ್ಲಿ ಯಾರೂ ಹೋಗಲಿಲ್ಲ. ಅದನ್ನು ದಿನಾ ನಮಗೆ ಹೇಳುವುದೂ ಮತ್ತೆ ಶುರುವಾಯಿತು.

ಎರಡು ವರ್ಷದ ಮೇಲೆ, ಕಾರ್ತೀಕದಲ್ಲಿ, ಕಾಡಸಿದ್ದಪ್ಪನವರು ಊಟ ಮಾಡಿ ಜಗಲಿಯಲ್ಲಿ ಒರಗಿದವರು ಏಳಲಿಲ್ಲ. ಊರಿಗೆ ಊರೇ ಬಂತು. ಮಣ್ಣು ಮಾಡಿ ಬಂದ ಮಾರನೇ ಬೆಳಿಗ್ಗೆ, ಅವರು ಬರುತ್ತಿದ್ದ ಹೊತ್ತಿಗೆ ಸರಿಯಾಗಿ, ಅಂಗಳದಲ್ಲಿ ಯಾರೋ ನಿಂತಂತಾಯಿತು. ನಾನೂ ಕುಬ್ರಾಳೂ ಬಾಗಿಲಿಗೆ ಬಂದೆವು. ಗುರುಸಿದ್ದಮ್ಮನವರು, ಅವರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದರು.

"ರೇಣುಕನ್ನ ಏನು ಕೇಳಿದ್ರೂ ಅಳ್ತಾನೆ. ನಮ್ಮನೇಲಿ ಅವ್ರದ್ದೊಂದೂ ಫೋಟೋ ಇಲ್ಲ ಕಣವ್ವ, ಕೂರ್ಲೇ ಇಲ್ವಲ್ಲ ಆ ಮನುಷ್ಯ. ಏನಾದ್ರೂ ಆದ್ರೆ ಮಾಲು ರಯೀಸನ ಅಟ್ಟದಾಗೈತೆ ಅಂತಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಐತಾ ಕುಬ್ರಾ?"

"ಐತೆ ಅಮ್ಮ" ಎಂದಳು ಕುಬ್ರಾ. "ಒಳಗೆ ಬನ್ನಿ."

ಈ ಸಲ ರೇಣುಕಪ್ರಸಾದ್ ತಿಮ್ಮಯ್ಯನನ್ನು ಕತ್ತರಿಸಿ ಅಪ್ಪನನ್ನು ಉಳಿಸಿದ. ಎಷ್ಟು ಮಾಡಿದರೂ ಅಂಚಿನಲ್ಲಿ ತಿಮ್ಮಯ್ಯನ ಭುಜ ಸ್ವಲ್ಪ ಉಳಿದೇ ಉಳಿಯಿತು. ಅದು ಇರಲಿ ಬಿಡು ಎಂದೆ. ಹಾರ ಹಾಕಿ, ವಿಭೂತಿ ಹಚ್ಚಿ, ಕಾರ್ಯದ ದಿನ ಫೋಟೋವನ್ನು ಮಣೆಯ ಮೇಲಿಟ್ಟರು. ಕಾಯಿಯನ್ನು ಕಿವಿಗೆ ಹಿಡಿದು, ತಲೆ ವಾಲಿಸಿ, ಕಾಡಸಿದ್ದಪ್ಪನವರು ಕೇಳಿಸಿಕೊಳ್ಳುತ್ತಿದ್ದರು. ಅಳುತ್ತ ಬಂದವರೆಲ್ಲ ಫೋಟೋ ನೋಡಿದೊಡನೆ ನಕ್ಕು, ನಕ್ಕಿದ್ದಕ್ಕೆ ಮತ್ತೆ ಅಳುತ್ತಿದ್ದರು. ಪುಟ್ಟಗೌರಮ್ಮನೂ ಹುಳಿಯಾರಿನ ಬಸ್ಸಿನಲ್ಲಿ ಬಂದಿದ್ದರು. ಫೋಟೋವನ್ನು ನೋಡಿದರು, ಅಂಚಿನಲ್ಲಿದ್ದ ಭುಜವನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ, "ಇವ್ರೇನಾ ಆ ಕಾಯಿ ಪರೀಕ್ಷೆ ಮಾಡ್ತಿದ್ದೋರು?" ಎಂದರು.

ಫೋಟೋದ ಮುಂದೆ ಒಡೆಯಲು ಯಾರೋ ಒಂದು ಕಾಯಿ ತಂದರು. ಗುರುಸಿದ್ದಮ್ಮನವರು ಕೈ ಚಾಚಿ ಅದನ್ನು ಇಸಿದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ನೀರೈತೆ" ಎಂದು ಗಂಡನಿಗೆ ಹೇಳಿ, ಕಾಯಿಯನ್ನು ಒಡೆಯಲು ಕೊಟ್ಟರು.